ಮೀಸೆ ಮೀನು ಮತ್ತು ನಮ್ಮೂರ ಕೆರೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳು ಮೇಷ್ಟ್ರು ಫೋನ್ ಮಾಡಿ, "ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಕ್ಕಳಿಗೆ ಒಂದಿಷ್ಟು ಹೇಳಪ್ಪ" ಅಂದರು. "ಸರ್, ಅದನ್ನ ಹೇಳೋಕೆ ನಮ್ಮ ಬ್ಯಾಚಿನಲ್ಲೇ ನಾಲ್ಕು ಜನ ಇದ್ದಾರೆ. ನಾನು ಮೀನಿನ ಬಗ್ಗೆ ಮಾತಾಡಲಾ?" ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹಿಡಿಯೋದಾ, ಸಾಕೋದಾ?" ಅಂದರು. "ಸಾಕೋದು ಸರ್" ಅಂದೆ. "ಹಿಡಿಯೋದಾಗಿದ್ರೆ ಬೇಡ ಅಂತಿದ್ದೆ, ಅದು ನಿಮ್ಮ ಬ್ಯಾಚಿಗೆ ಮೊದಲೇ ಗೊತ್ತಿತ್ತು" ಅಂತ ನಕ್ಕು ಒಪ್ಪಿಕೊಂಡರು. ಶನಿವಾರ ಬೆಳಗಿನ ತರಗತಿ ಮುಗಿಸಿ ನಾವೆಲ್ಲ ಎಲ್ಲಿಗೆ ಹೋಗುತ್ತಿದ್ದೆವು ಅನ್ನುವುದು ಅವರಿಗೆ ಇನ್ನೂ ಮರೆತಿಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಎರಡು ಮೀನಿನ ಕಥೆ. ಒಂದು, ಬೆಂಗಳೂರಿನ ನನ್ನ ಮನೆಯ ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿಸಲು ನಾಲ್ಕು ವರ್ಷ ಒದ್ದಾಡಿದ ಮೀನು. ಇನ್ನೊಂದು, ನಾನು ಮಾಡಬಾರದ ಕೆಲಸ ಮಾಡಿದ ಮೀನು. ಎರಡನೆಯದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದಾಗ, ಎರಡು ಅಡಿಯ ಒಂದು ಅಕ್ವೇರಿಯಂ ತಂದೆ. ಗೋಲ್ಡ್ ಫಿಶ್ ಬಿಟ್ಟೆ. ಹತ್ತು ದಿನದಲ್ಲಿ ಎಲ್ಲ ಸತ್ತವು. ಮತ್ತೆ ತಂದೆ, ಮತ್ತೆ ಸತ್ತವು. ಆಮೇಲೆ ಓದಿ ತಿಳಿದುಕೊಂಡೆ. ಮೀನಿನ ಹೇಲಿನಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯ ಆಗುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದರಿಂದ ಅಷ್ಟು ತೊಂದರೆಯಿಲ್ಲ. ಈ ಬ್ಯಾಕ್ಟೀರಿಯಗಳು ಹೊಸ ತೊಟ್ಟಿಯಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಫಿಲ್ಟರಿನ ಸ್ಪಂಜು ಒಂದು ತುಂಡು ತಂದು ಹಾಕಿದರೆ ಬೇಗ ಆಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪಿಲ್ಲದೆ ಮೊಸರು ಆಗಲಿ ಅಂತ ನಾನು ಕಾದಿದ್ದೆ, ಅಷ್ಟೇ.

ಹೆಪ್ಪು ಕೂತ ಮೇಲೆ ಮೀನು ಉಳಿದವು. ಗಾಜಿಗೆ ಪಾಚಿ ಕಟ್ಟತೊಡಗಿತು. ಅಂಗಡಿಯವರು, "ಒಂದು ಸಕ್ಕರ್ ಬಿಡಿ ಸಾರ್, ಪಾಚಿ ಎಲ್ಲ ತಿಂದುಬಿಡುತ್ತೆ" ಅಂದರು. ಎರಡು ಇಂಚಿನ ಕಪ್ಪು ಮೀನು. ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರುತ್ತದೆ. ನೀವೂ ಹೋಟೆಲು, ಆಸ್ಪತ್ರೆಗಳ ತೊಟ್ಟಿಯಲ್ಲಿ ನೋಡಿರುತ್ತೀರಿ. ಅದು ಎಷ್ಟು ದೊಡ್ಡದಾಗುತ್ತದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದೂವರೆ ವರ್ಷಕ್ಕೆ ಒಂದು ಅಡಿ ಬೆಳೆಯಿತು. ಎರಡು ಅಡಿ ತೊಟ್ಟಿಯಲ್ಲಿ ಅದು ತಿರುಗಿದರೆ ಗಿಡಗಳೆಲ್ಲ ಕಿತ್ತು ಬರುತ್ತಿದ್ದವು. ಅಂಗಡಿಯಲ್ಲಿ ವಾಪಸ್ ತಗೊಳ್ಳಲ್ಲ ಅಂದರು. ಕೊಲ್ಲಲು ಮನಸ್ಸಾಗಲಿಲ್ಲ.

ಯುಗಾದಿಗೆ ಊರಿಗೆ ಬರುವಾಗ ಅದನ್ನು ಮುಚ್ಚಳದ ಬಕೆಟ್ಟಿನಲ್ಲಿ ಹಾಕಿಕೊಂಡು ತಂದೆ. ಸಂಜೆ ಹೊತ್ತು, ಯಾರೂ ಇಲ್ಲದಾಗ, ನಮ್ಮ ಕಡೆಯ ಒಂದು ಕೆರೆಗೆ ಬಿಟ್ಟೆ. ಬಾಲ ಒಂದು ಸಲ ಬಡಿದು ಒಳಗೆ ಹೋಯಿತು. ಗಾಜಿನ ಪೆಟ್ಟಿಗೆಯಿಂದ ಒಂದು ಜೀವಕ್ಕೆ ಬಿಡುಗಡೆ ಕೊಟ್ಟೆ ಅಂದುಕೊಂಡು ನೆಮ್ಮದಿಯಾಗಿ ಮನೆಗೆ ಬಂದು ಹೋಳಿಗೆ ತಿಂದೆ.

ಎರಡು ವರ್ಷ ಕಳೆದ ಮೇಲೆ, ಆ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ನಮ್ಮ ಸಂಬಂಧದ ಮಾವ ಒಬ್ಬರು ಮದುವೆ ಮನೆಯಲ್ಲಿ ಸಿಕ್ಕಿದಾಗ ಹೇಳಿದರು: "ಏನೋ ಒಂದು ಮೀನು ಕನ ಮಗ, ಮೈಯೆಲ್ಲ ಕಬ್ಬಿಣದ ತಗಡು ಹೊದ್ಕೊಂಡಂಗೆ. ಬಲೆಗೆ ಸಿಕ್ಕಂಡು ಬಿಡಿಸಕ್ಕೆ ಬರ್ದೆ ಬಲೆನೇ ಕುಯ್ದೆ. ದಡಕ್ಕೆ ಎಸೆದ್ರೆ ಕಾಗೆನೂ ಮುಟ್ನಿಲ್ಲ." ನನ್ನ ಕೈಲಿದ್ದ ಪಾಯಸದ ಲೋಟ ಹಾಗೇ ಉಳಿಯಿತು. ನಾನು ಏನೂ ಹೇಳಲಿಲ್ಲ. ಮಾವ, ನೀವು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದೀರಿ. ಆ ಮೀನು ಬಿಟ್ಟವನು ನಾನೇ. ಬಲೆಯ ದುಡ್ಡು ಕೊಡುತ್ತೇನೆ ಅಂದರೆ ನೀವು ಬೈಯುತ್ತೀರಿ, ಗೊತ್ತು. ತಪ್ಪು ಒಪ್ಪಿಕೊಳ್ಳುವುದಾದರೂ ಈ ಶಾಲೆಯ ಅಂಗಳದಲ್ಲಿ ಆಗಲಿ ಅಂತ ಹೇಳಿದೆ.

ಆ ಮೀನು ದಕ್ಷಿಣ ಅಮೆರಿಕದ್ದು. ವೈಜ್ಞಾನಿಕ ಹೆಸರು ಟೆರಿಗೋಪ್ಲಿಕ್ತಿಸ್. ಮೈಮೇಲೆ ಚಿಪ್ಪಿನ ಬದಲು ಮೂಳೆಯ ಫಲಕಗಳು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲೇ ಉಸಿರಾಡುತ್ತದೆ. ಕೊಳಚೆ ನೀರಿನಲ್ಲೂ ಬದುಕುತ್ತದೆ. ಮೊಟ್ಟೆ ಇಡಲು ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ, ದಡ ಕುಸಿಯುತ್ತದೆ. ಬೇರೆ ಮೀನುಗಳು ಮೇಯುವ ಪಾಚಿಯನ್ನೆಲ್ಲ ತಾನೇ ಮೇಯುತ್ತದೆ. ತಿರುವನಂತಪುರದ ಕಾಲುವೆಯಲ್ಲಿ, ಮದುರೆಯ ವಂಡಿಯೂರು ಕೆರೆಯಲ್ಲಿ, ಕೋಲ್ಕತ್ತದ ಪೂರ್ವದ ಜೌಗು ಕೆರೆಗಳಲ್ಲಿ ಇದು ನೆಲೆಯೂರಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಎಲ್ಲವೂ ನನ್ನಂಥವರ ತೊಟ್ಟಿಗಳಿಂದ ಹೋದವೇ. ನಮ್ಮ ಕೆರೆಗೆ ನಾನು ಬಿಟ್ಟಿದ್ದು ಒಂದೇ ಮೀನು. ಒಂದೇ ಮೀನು ಮರಿ ಮಾಡಲಾರದು. ಆದರೆ ನನ್ನ ಹಾಗೆ ಪುಣ್ಯ ಕಟ್ಟಿಕೊಳ್ಳಲು ಬಕೆಟ್ಟು ಹಿಡಿದು ಬಂದವನು ಇನ್ನೊಬ್ಬ ಇದ್ದಿದ್ದರೆ?

ಕೆಟ್ಟ ಮನಸ್ಸಿನಿಂದಲೇ ಇಂಥದ್ದು ಆಗುವುದಿಲ್ಲ. ನಮ್ಮ ಪಕ್ಕದಲ್ಲೇ ಹರಿಯುವ ಕಾವೇರಿಯನ್ನೇ ನೋಡಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ದೇಶವಿದೇಶದ ಜನ ಬರುತ್ತಿದ್ದುದು ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಮೀನಿಗಾಗಿ. ಅದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ವಿಜ್ಞಾನಿಗಳು ಅದು ಟೋರ್ ರೆಮಾದೇವಿ ಎಂಬ ಜಾತಿ ಎಂದು ಗುರುತಿಸುವ ಹೊತ್ತಿಗೆ ಅದು ನಶಿಸುವ ಅಂಚಿಗೆ ಬಂದಿತ್ತು. ಮರಳು ತೆಗೆದದ್ದು, ಸಿಡಿಮದ್ದು ಹಾಕಿ ಮೀನು ಹಿಡಿದದ್ದು ಎಲ್ಲ ಸೇರಿದೆ. ಅದರ ಜೊತೆಗೆ, ಮಹಶೀರ್ ಹೆಚ್ಚಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಬೇರೆ ಕಡೆ ಬೆಳೆಸಿ ತಂದು ಬಿಟ್ಟ ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ಅದರ ಜಾಗ ಹಿಡಿಯಿತು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ.

ಸರಿ, ಈಗ ನನ್ನ ಮೀಸೆ ಮೀನಿಗೆ ಬರುತ್ತೇನೆ.

ಆ ಮದುವೆ ಮನೆಯ ಮಾತಿನ ನಂತರ ಅಕ್ವೇರಿಯಂ ಮಾರಿಬಿಡೋಣ ಅನ್ನಿಸಿತ್ತು. ಆಮೇಲೆ ಬೇರೆ ತೀರ್ಮಾನ ಮಾಡಿದೆ. ಸಾಕಿದರೆ ಒಂದೇ ಜಾತಿ ಸಾಕುತ್ತೇನೆ. ಅದು ಎಲ್ಲಿಂದ ಬಂತು, ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ, ಹೇಗೆ ಮರಿ ಮಾಡುತ್ತದೆ ಎಲ್ಲ ತಿಳಿದೇ ಸಾಕುತ್ತೇನೆ ಅಂತ.

ಸಕ್ಕರ್ ಕುಟುಂಬದಲ್ಲಿ ಸಾವಿರದಷ್ಟು ಜಾತಿಗಳಿವೆ. ಅದರಲ್ಲಿ ಚಿಕ್ಕವು ಬ್ರಿಸಲ್‌ನೋಸ್ ಅನ್ನುವವು. ವಿಜ್ಞಾನದ ಹೆಸರು ಆನ್ಸಿಸ್ಟ್ರಸ್. ಗೇಣುದ್ದವೂ ಬೆಳೆಯುವುದಿಲ್ಲ. ಗಂಡು ಮೀನಿನ ಮೂತಿಯ ಮೇಲೆ ಮೆತ್ತನೆಯ ಕವಲು ಕವಲಾದ ಎಳೆಗಳು ಬೆಳೆಯುತ್ತವೆ. ಹೆಣ್ಣಿಗೆ ಮೂತಿಯ ಅಂಚಿನಲ್ಲಿ ಸಣ್ಣಗೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಮೀಸೆ ಯಾಕೆ ಅನ್ನುವುದಕ್ಕೆ ಕೆಲವು ವಿಜ್ಞಾನಿಗಳು ಒಂದು ಚಂದದ ಊಹೆ ಮಾಡಿದ್ದಾರೆ. ಈ ಜಾತಿಯಲ್ಲಿ ಮೊಟ್ಟೆ ಮರಿ ನೋಡಿಕೊಳ್ಳುವುದು ಗಂಡು. ಮೂತಿಯ ಮೇಲಿನ ಎಳೆಗಳು ದೂರದಿಂದ ಮರಿಗಳ ಗುಂಪಿನ ಹಾಗೆ ಕಾಣುತ್ತವೆ. ಅದನ್ನು ನೋಡಿದ ಹೆಣ್ಣು, 'ಇವನು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುವವನು' ಎಂದು ನಂಬುತ್ತದಂತೆ. ನಮ್ಮಲ್ಲಿ ಮೀಸೆ ನೋಡಿ ಗಂಡಸು ಅಂತೀವಿ, ಅಲ್ಲಿ ಮೀಸೆ ನೋಡಿ ಒಳ್ಳೆಯ ಅಪ್ಪ ಅನ್ನುತ್ತವೆ.

ಮಾಮೂಲಿ ಬ್ರಿಸಲ್‌ನೋಸ್ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಹೆಚ್ಚು ಕಷ್ಟವಿಲ್ಲದೆ ಮರಿಯನ್ನೂ ಮಾಡುತ್ತದೆ. ನಾನು ತಂದದ್ದು ಅಪರೂಪದ್ದು. ಆನ್ಸಿಸ್ಟ್ರಸ್ ಡೊಲಿಕಾಪ್ಟೆರಸ್. 1854ರಲ್ಲಿ ಕ್ನೆರ್ ಎಂಬ ವಿಜ್ಞಾನಿ ಹೆಸರಿಟ್ಟದ್ದು. ಮೀನು ಸಾಕುವವರು ಇದನ್ನು ಎಲ್ 183 ಅನ್ನುತ್ತಾರೆ. ಹೆಸರಿಲ್ಲದ ಹೊಸ ಹೊಸ ಸಕ್ಕರ್ ಜಾತಿಗಳು ಬರತೊಡಗಿದಾಗ ಜರ್ಮನಿಯ ಒಂದು ಪತ್ರಿಕೆ 1988ರಿಂದ ಒಂದೊಂದಕ್ಕೆ ಒಂದೊಂದು ನಂಬರು ಕೊಡುತ್ತಾ ಬಂತು. ನಮ್ಮ ಹಾಜರಿ ಪುಸ್ತಕದ ನಂಬರಿನ ಹಾಗೆ. ಮೈ ಕಡು ಕಪ್ಪು, ಅದರ ತುಂಬ ಸಣ್ಣ ಬಿಳಿ ಚುಕ್ಕಿ. ಎಳೆಯದರಲ್ಲಿ ಬೆನ್ನಿನ ರೆಕ್ಕೆ, ಬಾಲದ ಅಂಚಿಗೆ ರೇಷ್ಮೆ ಸೀರೆಯ ಅಂಚಿನ ಹಾಗೆ ಬಿಳಿ ಪಟ್ಟಿ. ಬೆಲೆ ಮಾಮೂಲಿಯದಕ್ಕಿಂತ ಹತ್ತು ಪಟ್ಟು. ಬೆರಳುದ್ದದ ಐದು ಮರಿ ತಂದು, ಎಷ್ಟಾಯಿತು ಅಂತ ಮನೆಯಲ್ಲಿ ಹೇಳಲಿಲ್ಲ.

ಇದರ ಊರು ಬ್ರೆಜಿಲ್ ಕಡೆಯ ರಿಯೊ ನೀಗ್ರೊ. ಹೆಸರೇ ಕಪ್ಪು ನದಿ ಅಂತ. ಕಾಡಿನ ಎಲೆ, ಬೇರು ಕೊಳೆತು ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಮನಾಸ್ ಎಂಬ ಊರಿನ ಹತ್ತಿರ ಈ ಕಪ್ಪು ನೀರೂ, ಕೆಸರು ಬಣ್ಣದ ಇನ್ನೊಂದು ನದಿಯೂ ಕೂಡಿ, ಮೈಲಿಗಟ್ಟಲೆ ದೂರ ಬೆರೆಯದೆ ಪಕ್ಕ ಪಕ್ಕ ಹರಿಯುತ್ತವೆ. ಆ ಕಪ್ಪು ನೀರಿನಲ್ಲಿ ಸುಣ್ಣ, ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಜೊತೆಗೆ ಹುಳಿ. ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಸರಿಯಾಗಿ ತಿರುಗುಮುರುಗು. ಬೇಳೆ ಬೇಯದ ನೀರು ಅಂತೀವಲ್ಲ, ಅಂಥದ್ದರಲ್ಲಿ ಈ ಮೀನು ಬದುಕಬಹುದು, ಆದರೆ ಮೊಟ್ಟೆ ಕಟ್ಟುವುದು ಕಷ್ಟ.

ನನ್ನ ಅಪಾರ್ಟ್‌ಮೆಂಟಿನಲ್ಲಿ ಸಿಗುತ್ತಿದ್ದದ್ದು ಅರ್ಧ ಬೋರು, ಅರ್ಧ ಕಾವೇರಿ. ಬೆಂಗಳೂರಿಗೆ 1974ರಿಂದ ಹೋಗುತ್ತಿರುವ ಕಾವೇರಿ ನಮ್ಮ ಶಿವನಸಮುದ್ರದ ಬಳಿ ತಿರುಗಿ, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ನೂರು ಕಿಲೋಮೀಟರ್ ಪಂಪಾಗಿ ಬರುವ ನೀರು. ಕೊಳ್ಳೇಗಾಲದ ಸೇತುವೆಯ ಕೆಳಗೆ ಹರಿದದ್ದೇ ನನ್ನ ನಲ್ಲಿಗೆ ಬರುತ್ತಿದೆ ಅನ್ನುವುದು ಆ ಮೀನು ತರುವವರೆಗೆ ನನಗೆ ಹೊಳೆದಿರಲಿಲ್ಲ. ಟಿಡಿಎಸ್ ಮೀಟರಿನಲ್ಲಿ ಬೋರಿನ ನೀರು 700 ತೋರಿಸಿತು, ಕಾವೇರಿ ಅದರ ಕಾಲು ಭಾಗ. ರಿಯೊ ನೀಗ್ರೊದಲ್ಲಿ 20 ಕೂಡ ಇರುವುದಿಲ್ಲ.

ಮೊದಲ ಎರಡು ವರ್ಷ ಮರಿಗಳು ದೊಡ್ಡವಾಗುವುದಕ್ಕೇ ಹೋಯಿತು. ಮೀಸೆ ಬಂದ ಮೇಲೆ ಗೊತ್ತಾಯಿತು, ಎರಡು ಗಂಡು, ಮೂರು ಹೆಣ್ಣು. ಗಂಡುಗಳು ಕಚ್ಚಾಡಿದವು. ಒಂದನ್ನು ಬೇರೆ ತೊಟ್ಟಿಗೆ ಹಾಕಿದೆ. ಇನ್ನುಳಿದದ್ದು ಮೂರು ಅಡಿಯ ತೊಟ್ಟಿ, ಒಂದು ಗಂಡು, ಮೂರು ಹೆಣ್ಣು. ಆದರೂ ಮೊಟ್ಟೆ ಇಲ್ಲ.

ಆಗ ನೆನಪಾದದ್ದು ನಮ್ಮ ವಿಜ್ಞಾನದ ಮೇಷ್ಟ್ರು. ಪ್ರಯೋಗದಲ್ಲಿ ನಾವು ಎಲ್ಲವನ್ನೂ ಒಟ್ಟಿಗೆ ಸುರಿದುಬಿಟ್ಟರೆ, "ಒಂದನ್ನೇ ಬದಲಾಯಿಸಿ ನೋಡ್ರೋ, ಯಾವುದರಿಂದ ಏನಾಯ್ತು ಅಂತ ಹೆಂಗೆ ಗೊತ್ತಾಗುತ್ತೆ?" ಅನ್ನುತ್ತಿದ್ದರು. ಆಫೀಸಿನಲ್ಲಿ ಕೋಡಿನ ತಪ್ಪು ಹುಡುಕುವಾಗಲೂ ನಾನು ಮಾಡುವುದು ಅದನ್ನೇ. ಆದರೆ ಮೀನಿನ ವಿಷಯದಲ್ಲಿ ಆತುರಕ್ಕೆ ಬಿದ್ದು ಎಲ್ಲವನ್ನೂ ಒಟ್ಟಿಗೆ ಮಾಡುತ್ತಿದ್ದೆ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ದಿನಾ ತಾರೀಖು, ಶಾಖ, ಟಿಡಿಎಸ್, ಪಿಎಚ್, ಏನು ತಿಂದವು ಅಂತ ಬರೆದೆ. ಇದೇ ಪ್ರಯೋಗಾಲಯದಲ್ಲಿ ನಿಂಬೆರಸಕ್ಕೆ ನೀಲಿ ಲಿಟ್ಮಸ್ ಕೆಂಪಾಗಿದ್ದನ್ನು ನೋಡಿದ್ದವನು, ಈಗ ಆ ಪಾಠವನ್ನು ದುಡ್ಡು ಕೊಟ್ಟು ಮತ್ತೆ ಕಲಿಯುತ್ತಿದ್ದೆ.

ಮೊದಲು ನೀರು. ಆರ್‌ಒ ಯಂತ್ರದ ನೀರಿಗೆ ಸ್ವಲ್ಪ ಕಾವೇರಿ ಬೆರೆಸಿ ಟಿಡಿಎಸ್ ಅನ್ನು ತಿಂಗಳುಗಟ್ಟಲೆ ನಿಧಾನವಾಗಿ 50ಕ್ಕೆ ಇಳಿಸಿದೆ. ಆರ್‌ಒ ಹೊರಗೆ ಬಿಡುವ ನೀರನ್ನು ಪಾತ್ರೆ ತೊಳೆಯಲು, ನೆಲ ಒರೆಸಲು ಇಟ್ಟೆ. ನೀರಿಲ್ಲದೆ ಕೊಡ ಹಿಡಿದು ನಿಂತ ಊರಿನಿಂದ ಹೋದವನು ಅದನ್ನು ಚರಂಡಿಗೆ ಬಿಡಲಾರ.

ಆಮೇಲೆ ಬಣ್ಣ. ನಮ್ಮ ಕಡೆ ಕಾಡುಬಾದಾಮಿ ಅನ್ನುವ ಮರದ ಒಣಗಿದ ಎಲೆ ಹಾಕಿದರೆ ನೀರು ಚಹದ ಬಣ್ಣಕ್ಕೆ ಬಂದು ಸ್ವಲ್ಪ ಹುಳಿಯಾಗುತ್ತದೆ, ಬೂಷ್ಟು ಹತ್ತುವುದೂ ಕಡಿಮೆ. ಪ್ರಪಂಚದ ಎಲ್ಲ ಕಡೆ ಮೀನು ಸಾಕುವವರು ಬಳಸುವ ಎಲೆ ಇದು. ಬೆಂಗಳೂರಿನಲ್ಲಿ ಹತ್ತು ಎಲೆಯ ಪ್ಯಾಕೆಟ್ಟಿಗೆ ದುಡ್ಡು ಕೊಟ್ಟು ತರುತ್ತಿದ್ದೆ. ಒಂದು ಸಲ ಊರಿಗೆ ಬಂದಾಗ ನೋಡಿದರೆ, ಅಗೋ, ಆ ಕೊಳಾಯಿ ಪಕ್ಕದ ಮರ. ನಾವು ಕಲ್ಲು ಹೊಡೆದು ಕಾಯಿ ಉದುರಿಸಿ ಏಟು ತಿಂದ ಮರ. ಅದರ ಎಲೆಯನ್ನೇ ನಾನು ದುಡ್ಡು ಕೊಟ್ಟು ಕೊಳ್ಳುತ್ತಿದ್ದದ್ದು! ಅವತ್ತಿನಿಂದ ನನ್ನ ತೊಟ್ಟಿಯ ಬಣ್ಣ ಈ ಶಾಲೆಯದು.

ಮೂರನೆಯದು ಗೂಡು. ಈ ಮೀನು ಬಯಲಿನಲ್ಲಿ ಮೊಟ್ಟೆ ಇಡುವುದಿಲ್ಲ. ಒಂದು ಕಡೆ ಮುಚ್ಚಿರುವ, ಗಂಡಿನ ಮೈ ಅಷ್ಟೇ ಹಿಡಿಯುವ ಬಿಲ ಬೇಕು. ಅಗಲ ಜಾಸ್ತಿಯಾದರೆ ಗಂಡು ಹೆಣ್ಣನ್ನು ಒಳಗೆ ತಡೆದು ನಿಲ್ಲಿಸಲಾರದು. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಅಗಲವಾದವು. ಕೊಳ್ಳೇಗಾಲದ ಕಡೆ ಮಡಕೆ ಮಾಡುವ ಹಿರಿಯರೊಬ್ಬರ ಹತ್ತಿರ ಹೋಗಿ, ನಾಲ್ಕೂವರೆ ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದ, ಒಂದು ಕಡೆ ಮುಚ್ಚಿದ ಕೊಳವೆ ಬೇಕು ಅಂದೆ. "ಏನಕ್ಕೆ ಬುದ್ಧಿ?" ಅಂದರು. "ಮೀನಿನ ಬಾಣಂತನಕ್ಕೆ" ಅಂದೆ. ನಕ್ಕು ನಕ್ಕು ಆರು ಮಾಡಿಕೊಟ್ಟರು, ದುಡ್ಡು ತಗೊಳ್ಳಲು ಒಪ್ಪಲೇ ಇಲ್ಲ.

ಕೊನೆಯದು ಮಳೆ. ಹೊಳೆಯಲ್ಲಿ ಮಳೆಗಾಲ ಬಂದಾಗ ಹೊಸ ತಂಪು ನೀರು, ಜೊತೆಗೆ ಯಥೇಚ್ಛ ಆಹಾರ. ಎಷ್ಟೋ ಮೀನುಗಳಿಗೆ ಅದೇ ಸೂಚನೆ. ನಾನೂ ಮೂರು ವಾರ ನೀರು ಬದಲಾಯಿಸದೆ, ಊಟ ಕಡಿಮೆ ಮಾಡಿ, ಆಮೇಲೆ ಒಂದು ದಿನ ಅರ್ಧ ನೀರು ತೆಗೆದು ಎರಡು ಮೂರು ಡಿಗ್ರಿ ತಂಪಾದ ಮೆದು ನೀರು ತುಂಬಿದೆ. ಸೌತೆಕಾಯಿ, ಬೇಯಿಸಿದ ಪಾಲಕ್, ಕುಂಬಳಕಾಯಿ ಹೋಳು ಧಾರಾಳವಾಗಿ ಹಾಕಿದೆ. ನಾಲ್ಕನೇ ದಿನ ಬೆಳಿಗ್ಗೆ ಟಾರ್ಚು ಹಾಕಿ ನೋಡಿದರೆ ಕೊಳವೆಯೊಳಗೆ ಗಂಡಿನ ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳ ಮುದ್ದೆ. ಸಾಸಿವೆಗಿಂತ ದೊಡ್ಡವು, ಜೋಳದ ಕಾಳಿಗಿಂತ ಚಿಕ್ಕವು. ಅವತ್ತು ಆಫೀಸಿನ ಮೀಟಿಂಗಿನಲ್ಲಿ ಏನು ಮಾತಾಡಿದೆನೋ ನನಗೇ ಗೊತ್ತಿಲ್ಲ.

ಎರಡು ದಿನಕ್ಕೆ ಮೊಟ್ಟೆ ಬೆಳ್ಳಗಾದವು. ಬೂಷ್ಟು. ಗಂಡು ಅವನ್ನು ಒಂದೊಂದೇ ಹೊರಗೆ ತಳ್ಳಿತು. ಎರಡು ತಿಂಗಳ ನಂತರ ಎರಡನೇ ಸಲ ಮೊಟ್ಟೆ ಒಡೆದವು. ಮೂವತ್ತಕ್ಕಿಂತ ಹೆಚ್ಚು ಮರಿ. ಹೊಟ್ಟೆಗೆ ಹಳದಿ ಚೀಲ ಕಟ್ಟಿಕೊಂಡು ಗೂಡಿನ ಗೋಡೆಗೆ ಬಾಯಿ ಅಂಟಿಸಿಕೊಂಡು ನೇತಾಡುತ್ತಿದ್ದವು. ಚೀಲ ಕರಗಿ ಹೊರಗೆ ಬಂದ ದಿನ ಸಂತೋಷಕ್ಕೆ ಕೈ ತುಂಬ ಪಾಲಕ್ ಹಾಕಿ ಮಲಗಿದೆ. ರಾತ್ರಿಯೆಲ್ಲ ಅದು ಕೊಳೆತು ನೀರು ಕೆಟ್ಟಿತು. ಬೆಳಿಗ್ಗೆ ಒಂದೂ ಉಳಿದಿರಲಿಲ್ಲ. ಹುಳಿ ನೀರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಗಳು ನಿಧಾನ, ಅಂಥ ಕಡೆ ಕೊಳೆಯುವ ವಸ್ತು ಬಿಡಲೇಬಾರದು. ಓದಿದ್ದೆ, ಮರೆತಿದ್ದೆ. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ 'ನನ್ನ ತಪ್ಪು' ಅಂತ ಎರಡೇ ಪದ ಇದೆ.

ಅದೇ ವಾರ ಅವ್ವ ಬೆಂಗಳೂರಿಗೆ ಬಂದಿದ್ದರು. ನನ್ನ ಮುಖ ನೋಡಿ ಏನಾಯ್ತು ಅಂದರು. ಹೇಳಿದೆ. ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ, "ಅಲ್ಲ ಮಗ, ಹುಳ ಸಾಕಿದ ಮನೆಲಿ ಹುಟ್ಟಿ ಹಿಂಗ್ ಮಾಡಿಯಾ? ಚಾಕಿ ಹುಳಕ್ಕೆ ಯಾರಾದ್ರೂ ಒಂದ್ ಕುಕ್ಕೆ ಸೊಪ್ಪು ಒಂದೇ ಸಲ ಸುರಿದರಾ? ಎಳೆ ಸೊಪ್ಪು, ಸಣ್ಣಗೆ ಹೆಚ್ಚಿ, ಸ್ವಲ್ಪ ಸ್ವಲ್ಪ. ಉಳಿದದ್ದ ತೆಗ್ದು ಇನ್ನೊಂದ್ ಸಲ" ಅಂದರು.

ನಮ್ಮ ಹನೂರು, ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳದ ಮನೆಗೆ ಕಾಲು ತೊಳೆಯದೆ ಬಿಡುವುದಿಲ್ಲ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವುದಿಲ್ಲ. ಕಸ ತೆಗೆಯದೆ ಹೊಸ ಸೊಪ್ಪು ಹಾಕಿದರೆ ರೋಗ. ಶಾಖ ಏರುಪೇರಾದರೆ ಗೂಡು ಸಣ್ಣದು. ಇಂಟರ್‌ನೆಟ್ಟಿನಲ್ಲಿ ನಾಲ್ಕು ವರ್ಷ ಹುಡುಕಿದ ಮುಕ್ಕಾಲು ಪಾಲು ವಿದ್ಯೆ ಅವ್ವನ ಕೈಯಲ್ಲಿ ಮೊದಲೇ ಇತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಮೂರನೇ ಸಲಕ್ಕೆ ಅವ್ವನ ಲೆಕ್ಕದಲ್ಲೇ ನಡೆದೆ. ಮಹಡಿಯ ಮೇಲೆ ಬಿಸಿಲಿಗೆ ಒಂದು ಟಬ್ಬಿನಲ್ಲಿ ನೀರು, ಕಲ್ಲು ಇಟ್ಟು ಪಾಚಿ ಕಟ್ಟಿಸಿದೆ. ಮರಿಗಳಿಗೆ ಆ ಕಲ್ಲೇ ಮೊದಲ ಊಟ, ಅದು ಕೊಳೆಯುವುದಿಲ್ಲ. ಸೊಪ್ಪು ಹಾಕಿದರೆ ಉಗುರಿನಷ್ಟು, ನಾಲ್ಕು ಗಂಟೆಗೆ ಹೊರಗೆ. ಮೊಟ್ಟೆ ಇಟ್ಟ ಮೂರನೇ ರಾತ್ರಿ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಬ್ಯಾಟರಿಯ ಗಾಳಿ ಪಂಪು ಇತ್ತು, ಎರಡು ಗಂಟೆಗೆ ಅದೂ ನಿಂತಿತು. ಮೊಬೈಲ್ ಬೆಳಕಿನಲ್ಲಿ ನೋಡಿದೆ. ಗಂಡು ಮೀನು ಗೂಡಿನ ಬಾಯಿಗೆ ಬಾಲ ಮಾಡಿಕೊಂಡು, ಎರಡೂ ಪಕ್ಕದ ರೆಕ್ಕೆಗಳಿಂದ ಬಿಡದೆ ಬೀಸುತ್ತಿತ್ತು. ಮೊಟ್ಟೆಯ ಮೇಲೆ ನೀರು ಹರಿಯುತ್ತಿರಬೇಕು, ನಿಂತರೆ ಒಳಗಿನ ಜೀವಕ್ಕೆ ಉಸಿರಿಲ್ಲ. ಊಟಕ್ಕೂ ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ. ನಾನು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿಯುತ್ತಾ ಕೂತೆ. ಬೆಳಗಿನ ಜಾವ ಐದಕ್ಕೆ ಕರೆಂಟು ಬಂತು. ಅದು ಆಗಲೂ ಬೀಸುತ್ತಲೇ ಇತ್ತು.

ಆ ಸಲ ಮೂವತ್ತೊಂದು ಮರಿ ಉಳಿದವು. ಮೂರು ತಿಂಗಳಿಗೆ ಬೆರಳಿನ ಎರಡು ಗೆಣ್ಣಿನಷ್ಟಾದವು, ಬಿಳಿ ಅಂಚು ಮೂಡಿತು. ಫೋಟೊ ಕಳಿಸಿದಾಗ ಅವ್ವ ಕೇಳಿದ್ದು ಒಂದೇ: "ಇಷ್ಟನ್ನೂ ಏನ ಮಾಡಿಯೆ ಈಗ?"

ಅದೇ ಸರಿಯಾದ ಪ್ರಶ್ನೆ. ಹತ್ತು ವರ್ಷದ ಹಿಂದೆ ನಾನು ಕೇಳಿಕೊಳ್ಳದೆ ಇದ್ದದ್ದು ಅದನ್ನೇ. ಈಗ ನಾನು ಮರಿ ಕೊಡುವ ಮೊದಲು ಮೂರು ವಿಷಯ ಕೇಳುತ್ತೇನೆ. ತೊಟ್ಟಿ ಎಷ್ಟು ದೊಡ್ಡದು, ನೀರು ಎಂಥದ್ದು, ಸಾಕಲು ಆಗದಿದ್ದರೆ ಯಾರಿಗೆ ಕೊಡುತ್ತೀರಿ. ಮೂರನೆಯದಕ್ಕೆ ಉತ್ತರ ಇಲ್ಲದವರಿಗೆ, "ನನಗೇ ವಾಪಸ್ ಕೊಡಿ" ಅಂತ ಹೇಳಿಯೇ ಕೊಡುತ್ತೇನೆ. ಇಬ್ಬರು ವಾಪಸ್ ಕೊಟ್ಟಿದ್ದಾರೆ. ನನಗೆ ಅದರಲ್ಲಿ ಬೇಸರವಿಲ್ಲ, ಸಂತೋಷವೇ.

ಈ ಚಿಕ್ಕ ಮೀನು ನಮ್ಮ ಗಡಸು ನೀರಿನ ಕೆರೆಯಲ್ಲಿ ಮರಿ ಮಾಡಲಾರದು ಅಂತ ನಾನೇ ಹೇಳಿದೆ. ಹಾಗಂತ ಇದನ್ನೂ ಬಿಡಬಹುದು ಅಂತ ಯಾರೂ ಅಂದುಕೊಳ್ಳಬೇಡಿ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಜಿಲೇಬಿ ಮೀನು ಇವತ್ತು ಯಾವ ಕೆರೆಯಲ್ಲಿ ಇಲ್ಲ ಹೇಳಿ? ತಂದ ದಿನ ಅದು ಇಷ್ಟು ಹರಡುತ್ತದೆ ಅಂತ ಯಾರು ಎಣಿಸಿದ್ದರು? ರಾಮನಗುಡ್ಡ ಕೆರೆ ಇರಲಿ, ಉಡುತೊರೆ ಹಳ್ಳದ ಡ್ಯಾಂ ಇರಲಿ, ಹೂಗ್ಯಂ ಇರಲಿ, ನಮ್ಮ ನೀರೆಲ್ಲ ಕೊನೆಗೆ ಸೇರುವುದು ಕಾವೇರಿಗೆ. ಕೆರೆಗೆ ಬಿಟ್ಟದ್ದು ಕೆರೆಯಲ್ಲೇ ಇರುತ್ತದೆ ಅಂತ ಹೇಳಲಾಗದು.

ಮಕ್ಕಳೇ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ತೊಟ್ಟಿ ಇದ್ದು, ಮೀನು ದೊಡ್ಡದಾಗಿ ಸಾಕಲು ಆಗದಿದ್ದರೆ, ಕೆರೆಗೂ ಬೇಡ, ಬಾವಿಗೂ ಬೇಡ, ದೇವಸ್ಥಾನದ ಕೊಳಕ್ಕೂ ಬೇಡ. ನನ್ನ ನಂಬರು ಮೇಷ್ಟ್ರ ಹತ್ತಿರ ಇದೆ. ಫೋನ್ ಮಾಡಿಸಿ. ನಾನು ಊರಿಗೆ ಬಂದಾಗ ಬಕೆಟ್ಟು ತಂದೇ ಬರುತ್ತೇನೆ. ಒಂದು ಸಲ ಈ ಕಡೆ ತುಂಬಿಕೊಂಡು ಬಂದ ಬಕೆಟ್ಟು, ಇನ್ನು ಆ ಕಡೆ ತುಂಬಿಕೊಂಡು ಹೋಗಲಿ.

ಶಾಲೆಗೆ ನನ್ನದೊಂದು ಚಿಕ್ಕ ಕಾಣಿಕೆ ಇದೆ. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ವಿಜ್ಞಾನ ಪ್ರಯೋಗಾಲಯದಲ್ಲಿ ಮೂರು ಅಡಿಯ ಒಂದು ತೊಟ್ಟಿ, ಫಿಲ್ಟರ್, ಬ್ಯಾಟರಿಯ ಗಾಳಿ ಪಂಪು, ಜೊತೆಗೆ ನಾಲ್ಕು ನೋಟ್‌ಬುಕ್. ನನ್ನ ಕಪ್ಪು ಮೀನನ್ನು ಕೊಡುತ್ತಿಲ್ಲ. ಇಲ್ಲಿಯ ನೀರು ಅದಕ್ಕೆ ಒಗ್ಗುವುದಿಲ್ಲ. ನಮ್ಮ ಕೆರೆಯಲ್ಲೇ ಸಿಗುವ ಸಣ್ಣ ಮೀನುಗಳನ್ನು, ಗುತ್ತಿಗೆದಾರರ ಒಪ್ಪಿಗೆ ಪಡೆದು, ಅದೇ ಕೆರೆಯ ನೀರಿನಲ್ಲಿ ಇಡೋಣ. ಅಭಯಾರಣ್ಯದ ಒಳಗಿನ ಹೊಳೆಗೆ ಮಾತ್ರ ಕೈ ಹಾಕಬಾರದು, ಅದು ಅಪರಾಧ. ಕಲ್ಲಿಗೆ ಬಾಯಿ ಕಚ್ಚಿಕೊಂಡು ಹೊಳೆಯ ರಭಸಕ್ಕೆ ಎದುರಾಗಿ ನಿಲ್ಲುವ ಗಾರ್ರಾ ಜಾತಿಯ ಮೀನುಗಳು ಕಾವೇರಿಯಲ್ಲೇ ಇವೆ. ದಕ್ಷಿಣ ಅಮೆರಿಕದ ಸಕ್ಕರಿಗೆ ಬೆರಗಾದ ನಾನು ನಮ್ಮ ಹೊಳೆಯ ಸಕ್ಕರನ್ನು ನೋಡಿದ್ದು ಮೂವತ್ತು ದಾಟಿದ ಮೇಲೆ. ನೀವು ಹದಿಮೂರಕ್ಕೇ ನೋಡಿ, ಬರೆದಿಡಿ.

ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ಒಂದು ಸಾಲು ಬರೆದಿದ್ದೇನೆ: 'ತಂದ ಮೇಲೆ ಕೊನೆಯವರೆಗೆ ನಮ್ಮದೇ ಜವಾಬ್ದಾರಿ.' ಇದು ಮೀನಿಗೆ ಮಾತ್ರ ಹೇಳಿದ್ದಲ್ಲ ಅಂತ ನೀವು ದೊಡ್ಡವರಾದಾಗ ಅರ್ಥವಾಗಬಹುದು. ಸದ್ಯಕ್ಕೆ ಮೀನಿಗೆ ಅಂತಲೇ ಇಟ್ಟುಕೊಳ್ಳಿ.

ಮಾವ, ಊಟಕ್ಕೆ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ, ಬೈಯುವುದಿದ್ದರೆ ಆಗ ಬೈಯಿರಿ. ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಕೊಳಾಯಿ ಪಕ್ಕದ ಮರದ ಕೆಳಗೆ ಬಿದ್ದಿರುವ ಒಣ ಎಲೆಗಳನ್ನು ಒಂದು ಚೀಲ ತುಂಬಿಕೊಳ್ಳುತ್ತೇನೆ. ಯಾರಾದರೂ ಇಬ್ಬರು ಮಕ್ಕಳು ಆರಿಸಲು ಬಂದರೆ ಉಪಕಾರ. ಈ ಸಲ ಕಲ್ಲು ಹೊಡೆಯುವುದಿಲ್ಲ.